ಸನ್ನಡತೆಯ ಬಿಡುಗಡೆ

ಹದಿನೈದು ವರ್ಷದ ಹಿಂದೆ, ಕೊಲೆಯಾದ ಮಗ ತಿಪ್ಪೇಶನ ಹೆಣದ ಮುಂದೆ ಗಿಡ್ಡಮ್ಮ ಮಾತು ಕೊಟ್ಟಿದ್ದಳಂತೆ: ಕೊಂದವನು ಜೈಲಿನಲ್ಲೇ ಸಾಯಬೇಕು, ಅವನ ಬಿಡುಗಡೆಗೆ ತಾನೆಂದೂ ಒಪ್ಪುವುದಿಲ್ಲ. ಹಗರಿಬೊಮ್ಮನಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಸರದಿ ಕಾಯುತ್ತಿದ್ದ ಗೀತಮ್ಮನಿಗೆ ಇದೆಲ್ಲ ತಿಳಿದದ್ದು ಮುಂದೆ ನಿಂತಿದ್ದ ಗಿಡ್ಡಮ್ಮ ಮತ್ತು ಅವಳ ಮಗಳ ಮಾತಿನಿಂದ. ಆ ಕೊಲೆಗಾರನನ್ನು ಈಗ ಬಿಡಬಹುದೇ ಎಂದು ಮನೆಯವರ ಅಭಿಪ್ರಾಯ ಕೇಳಿ ಪೊಲೀಸರು ಕೊಟ್ಟಿದ್ದ ಕಾಗದ ಮಗಳು ಯಶೋಧರಾಳ ಕೈಯಲ್ಲಿತ್ತು.

“ಸನ್ನಡತಿ ಐತಂತವ್ವಾ ಅವಂದು.”

“ಅಂದ್ರ, ಒಳಗ ಯಾರನ್ನೂ ಕೊಂದಿಲ್ಲೇನು?”

“ಕಾನೂನಿನ್ಯಾಗೂ ಕರುಣಿ ಅಂತ ಇರತೈತಿ. ಬುದ್ಧ ಕೊಲೆಗಾರನ್ನೂ ಭಿಕ್ಷು ಮಾಡ್ಕೊಂಡ.”

“ಸತ್ತೋರ ಅವ್ವಂದಿರನ್ನ ಕೇಳಿ ಮಾಡ್ಕೊಂಡನೇನು?”

ಯಶೋಧರಾ ಪೆನ್ನು ತೆಗೆದಳು. “ಹಂಗಾರ ಒಪ್ಪಿಗಿ ಇಲ್ಲ ಅಂತ ಬರೀತೀನಿ.”

“ತಡಿ. ಕಣ್ಣು ಮುಚ್ಚಿದ್ರ ತಿಪ್ಪೇಶ ಬರಂಗಿಲ್ಲ ನನಗ. ಬರಾವ ಆ ಕೊಂದಾವನ. ಬಾಗಲದಾಗ ನಿಂತು ನೀರು ಕೇಳ್ತಾನ.”

“ಕೊಡ್ತೀಯೇನು?”

“ಯಾಕ ಕೊಡ್ಲಿ? ಆದ್ರ ಇಷ್ಟು ವರ್ಷ ಅವನ್ನ ಹಿಡಕೊಂಡು ಕುಂತು, ನನ್ನ ಮಗನ ಮುಖಾನ ಮರ್ತೀನಿ. ಬಿಡ್ಲಿ ಅವನ್ನ.”

“ಕರುಣಿಯಿಂದ ಒಪ್ಪೀವಿ ಅಂತ ಬರೀಲೇನವ್ವಾ?”

“ಬ್ಯಾಡ. ಅದು ನನ್ನ ಹತ್ರ ಇಲ್ಲ. ತಕರಾರಿಲ್ಲ ಅಂತ ಬರಿ, ಅಷ್ಟ ಸಾಕು.”

ಮಗಳು ಬರೆದಳು. ಗಿಡ್ಡಮ್ಮ ಅಂಗಡಿಯವನ ಇಂಕ್ ಪ್ಯಾಡಿಗೆ ಹೆಬ್ಬೆರಳು ಒತ್ತಿ ಕಾಗದದ ಮೇಲಿಟ್ಟಳು. ಗೀತಮ್ಮ ಸರಿದು ದಾರಿ ಬಿಟ್ಟಳು. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಗಿಡ್ಡಮ್ಮ ಮಗಳ ಹಿಂದೆ ಠಾಣೆಯ ಕಡೆಗೆ ನಡೆದಳು. ಮಗನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.