ಸೌತೆ ಹಂದರದ ಕಳ್ಳತನ

ಕೂತ್ಕೋಬೇಡ! ಕೂತು ಮಾತಾಡೋ ವಿಷಯ ಅಲ್ಲ ಇದು, ನಿಂತೇ ಕೇಳು. ಹೌದು, ಮನೆ ಖಾಲಿ ಮಾಡು ಅಂದೆ. ಅಂದೇ ಅಂದೆ! ಮೇಲ್ಮನೆಯವಳಿಗೆ, ನಿನ್ನ ಮುದ್ದಿನ ಬೇಕರಿಯವಳಿಗೆ, ಮುಖಕ್ಕೆ ಹೊಡೆದ ಹಾಗೆ ಹೇಳಿದೀನಿ. ಬಾಡಿಗೆಗೆ ಕೊಟ್ಟಿದ್ದು ಮೇಲಿನ ಎರಡು ಕೋಣೆ, ಕೆಳಗಿನ ನನ್ನ ಸೌತೆಕಾಯಿ ಅಲ್ಲ, ಅಂತ!

ಏನದು ನಿಟ್ಟುಸಿರು? ಅಕ್ಕ ಕರೆದರೆ ತಂಗಿ ಆದವಳು ಮೊದಲು ಅಕ್ಕನ ಪರ ನಿಲ್ಲಬೇಕು. ನ್ಯಾಯ ಆಮೇಲೆ ನೋಡ್ಕೋಬಹುದು... ಅಲ್ಲ, ನ್ಯಾಯವೂ ನನ್ನ ಕಡೆನೇ ಇದೆ ಕಣೇ! ಬಾ ಇಲ್ಲಿ, ಹಿತ್ತಿಲಿಗೆ ಬಾ. ಮೆಲ್ಲಗೆ. ಈಗ ತಾನೇ ನೀರು ಹಾಕಿದೀನಿ, ಜಾರೀಯ.

ಎಷ್ಟಿದೆ ಈ ಜಾಗ? ಒಂದು ಮಂಚ ಹಾಕಿದ್ರೆ ಮುಗೀತು. ಹೋದ ವರ್ಷ ಬಳ್ಳಿನ ನೆಲದ ಮೇಲೆ ಬಿಟ್ಟು ಏನಾಯ್ತು? ಅರ್ಧ ಕಾಯಿ ಕೊಳೆತು ಹೋಯ್ತು. ಒಂದಷ್ಟು ಬಸವನಹುಳ ತಿಂತು. ಉಳಿದದ್ದು ಕುಡುಗೋಲಿನ ಹಾಗೆ ಸೊಟ್ಟ! ಆಗ ನೀನೇ ತಾನೇ ಅಂದದ್ದು, "ಅಕ್ಕ, ಅಗಲಕ್ಕೆ ಜಾಗ ಇಲ್ದಿದ್ರೆ ಏನಾಯ್ತು, ಆಕಾಶಕ್ಕೆ ಯಾರೂ ಬೇಲಿ ಹಾಕಿಲ್ಲ, ಮೇಲಕ್ಕೆ ಹಬ್ಬಿಸು" ಅಂತ? ಹಬ್ಬಿಸಿದೆ. ಎರಡು ಕಬ್ಬಿಣದ ಪೈಪು ನೆಡಿಸಿ, ನಡುವೆ ನೈಲಾನ್ ಬಲೆ ಬಿಗಿಸಿ, ಆಳೆತ್ತರದ ಹಂದರ. ಬಳ್ಳಿ ಗೇಣು ಗೇಣು ಬೆಳೆದ ಹಾಗೆಲ್ಲ ಹಳೆ ಬನಿಯನ್ ಹರಿದು ಆ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿದೆ. ದಾರದಲ್ಲಿ ಬಿಗಿದ್ರೆ ದಂಟು ಕುಯ್ದು ಹೋಗುತ್ತೆ, ಗೊತ್ತಲ್ಲ. ಮೊಣಕಾಲಿನ ಎತ್ತರದವರೆಗೆ ಪಕ್ಕದ ಕುಡಿನೆಲ್ಲ ಚಿವುಟಿದೆ, ಬುಡಕ್ಕೆ ಗಾಳಿ ಆಡ್ಲಿ ಅಂತ. ಜೇನುಹುಳ ಮುಷ್ಕರ ಹೂಡಿದ ದಿನ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾನೇ ಮುಟ್ಟಿಸಿದೆ. ಈ ವಯಸ್ಸಿನಲ್ಲಿ ಮದುವೆ ದಲ್ಲಾಳಿ ಕೆಲಸ!

ಮೊದಲ ಫಸಲು ಹೇಗಿತ್ತು ಹೇಳು? ಗೂಟಕ್ಕೆ ನೇತು ಹಾಕಿದ ಛತ್ರಿಗಳ ಹಾಗೆ, ನೆಟ್ಟಗೆ, ಮಣ್ಣಿನ ಸೋಂಕಿಲ್ಲದೆ. ನೀನೇ ಚೀಲ ತುಂಬ ಹೊತ್ಕೊಂಡು ಹೋದೆ. ಆಮೇಲೆ? ಆಮೇಲೆ ಶುರುವಾಯ್ತು ನೋಡು.

ಕಳ್ಳಿ ಎಂಥ ಜಾಣೆ ಅಂತೀಯ! ಎಳೆಯದನ್ನೆಲ್ಲ ಹುಡುಕಿ ಹುಡುಕಿ ಕೀಳ್ತಾಳೆ. ಹಣ್ಣಾಗಿ ಹಳದಿ ತಿರುಗಿದ್ದು ಮಾತ್ರ ನನ್ನ ಪಾಲಿಗೆ. ಒಳಗೆ ಬರೀ ಬೀಜ, ಸಿಪ್ಪೆ ಬೂಟಿನ ಚರ್ಮ! ಬೆಳಗ್ಗೆ ಬಂದು ನೋಡ್ತೀನಿ... ಎಲೆ, ಎಲೆ, ಎಲೆ. ಬರೀ ಹಸಿರು ಗೋಡೆ. ಒಂದು ಮಿಡಿ ಕೂಡ ಇಲ್ಲ. ಕೆಲವು ದಿನ ಕಳೆದು ಬಂದ್ರೆ, ಅದೇ ಜಾಗದಲ್ಲಿ ದಿಢೀರಂತ ಒಬ್ಬ ಹಳದಿ ಮುದುಕ ನೇತಾಡ್ತಾ ಇರ್ತಾನೆ! ಎಲ್ಲಿದ್ದ ಇವನು ಅಷ್ಟು ದಿನ?

ಏನು? ಏನೋ ಅಂದ ಹಾಗಾಯ್ತು... ಇಲ್ವಾ? ಸರಿ.

ಕಣ್ಣಾರೆ ನೋಡಿದ್ಯಾ ಅಂತ ಮಾತ್ರ ಕೇಳ್ಬೇಡ. ಅವಳೂ ಅದನ್ನೇ ಕೇಳಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಬೇಕರಿ ಪಾಳಿ ಮುಗಿಸಿ ಅವಳು ಬರೋದು ನಸುಕಿನಲ್ಲಿ. ಮೆಟ್ಟಿಲಿಗೆ ಹೋಗೋ ದಾರಿ ಈ ಹಂದರದ ಪಕ್ಕದಲ್ಲೇ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಿಟಕಿ ಹತ್ತಿರ ಕಾದೆ ಕಣೇ! ಟಪ್, ಟಪ್, ಟಪ್ ಅಂತ ಬರ್ತಾಳೆ... ಇಲ್ಲಿ ನಿಲ್ತಾಳೆ! ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮತ್ತೆ ಟಪ್, ಟಪ್. ಯಾಕೆ ನಿಲ್ಲಬೇಕು? ಕೇಳಿದ್ರೆ ಏನಂದಳು ಗೊತ್ತಾ? "ಹಿತ್ತಿಲ ಗೇಟಿನ ಚಿಲಕ ಹಾಕ್ತಿದ್ದೆ ಅಮ್ಮ, ನೀವು ಹಾಕಿದೀನಿ ಅಂದ್ಕೋತೀರ, ಅದು ಬಿದ್ದೇ ಇರಲ್ಲ" ಅಂತೆ. ನನ್ನ ಗೇಟು, ನನ್ನ ಚಿಲಕ, ನನಗೇ ಪಾಠ!

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇವಳು ಸೌತೆಕಾಯಿ ಕಳ್ಳಿ ಅಂದ್ರೆ ಹೆಗಲೂ ಮುಟ್ಟಿಕೊಳ್ಳಲಿಲ್ಲ! ಏನು ಮಾಡಿದಳು ಹೇಳ್ಲಾ? ಎರಡು ಹೆಜ್ಜೆ ಮುಂದೆ ಬಂದು ನನ್ನ ಮುಖದ ಮುಂದೆ ಕೈ ಆಡಿಸಿದಳು. ಹೀಗೆ, ಹೀಗೆ, ನೊಣ ಓಡಿಸೋ ಹಾಗೆ! ಗಾಳಿ ತಗುಲಿತು ನನ್ನ ಮೂಗಿಗೆ. ಎಷ್ಟು ಕೊಬ್ಬಿರಬೇಕು! ಬಾಡಿಗೆಗೆ ಬಂದಾಗ ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಹಾಗಿದ್ದಳು. ಆಮೇಲೆ ಮೆಲ್ಲಗೆ, "ಅಮ್ಮಾ..." ಅಂದಳು. ಪಾಪದ ಧ್ವನಿ ಬೇರೆ! ನನಗೆ ಮೈಯೆಲ್ಲ ಉರಿದುಹೋಯ್ತು. ಇವತ್ತೇ ಹೊರಡು ಅಂದೆ.

ನೀನು ಯಾಕೆ ಇಷ್ಟು ಹತ್ತಿರ ಬಂದೆ? ಏನು ನೋಡ್ತಿದೀಯ, ಕಣ್ಣಾ? ಕೆಂಪಗಿದೆ, ಗೊತ್ತು. ಖಾರದ ಪುಡಿ ಅದು. ಮೆಟ್ಟಿಲ ಕಡೆ ಬಲೆಗೆಲ್ಲ ಹಚ್ಚಿಟ್ಟಿದ್ದೆ, ಕಳ್ಳಿ ಕೈ ಉರೀಲಿ ಅಂತ. ಮಾರನೇ ದಿನ ನಾನೇ ಅಲ್ಲಿ ಕೈಯಾಡಿಸಿ ಕಣ್ಣುಜ್ಜಿಕೊಂಡೆ. ನಗು ಬಂದ್ರೆ ನಗು! ಬರ್ತಿಲ್ವಾ? ಹೋಗ್ಲಿ. ಆದ್ರೆ ಆಸ್ಪತ್ರೆ ಪುರಾಣ ಮಾತ್ರ ಮತ್ತೆ ತೆಗೀಬೇಡ. ಖಾರಕ್ಕೆ ಯಾರಾದ್ರೂ ಕಣ್ಣಿನ ಡಾಕ್ಟರ ಹತ್ತಿರ ಹೋಗ್ತಾರಾ? ತಣ್ಣೀರು ಸಾಕು.

ಕೇಳಿಸ್ತಾ? ಮೇಲೆ ಟ್ರಂಕ್ ಎಳೀತಿದಾರೆ. ಕಟ್ಲಿ, ಕಟ್ಲಿ. ಗಾಡಿ ಬರೋ ಹೊತ್ತಾಯ್ತು. ಅವಳಪ್ಪನನ್ನ ಕುರ್ಚಿ ಸಮೇತ ಇಳಿಸ್ಬೇಕು... ಹೌದಮ್ಮ, ಲಕ್ವ ಹೊಡೆದ ಮನುಷ್ಯ, ನನಗೂ ಗೊತ್ತು. ಬೇರೆ ಮನೆ ಸಿಕ್ಕಿಲ್ಲವಂತೆ. ಬೇಕರಿ ಹಿಂದೆ ಹಿಟ್ಟಿನ ಮೂಟೆ ಇಡೋ ಕೋಣೆ ಇದೆಯಂತೆ, ಸದ್ಯಕ್ಕೆ ಅಲ್ಲಿ ಮಲಗ್ತಾರಂತೆ. ಅದಕ್ಕೆ ನಾನೇನು ಮಾಡ್ಲಿ? ನಾನು ಕಲ್ಲು ಮನಸ್ಸಿನವಳಾ? ನಿನ್ನೆ ಮೊನ್ನೆವರೆಗೂ ಆ ಅಪ್ಪನಿಗೆ ಗಂಜಿ ಕಳಿಸಿದವಳು ಯಾರು? ಒಂದು ಮಾತು, "ಅಮ್ಮ, ಬೇಕಿತ್ತು, ಕಿತ್ತೆ" ಅಂದಿದ್ರೆ ಬುಟ್ಟಿ ತುಂಬ ಕೊಡ್ತಿದ್ದೆ. ಕದ್ದು, ಮೇಲೆ ಇಲ್ಲ ಅನ್ನೋದು ಇದೆ ನೋಡು... ಅದು ನನಗಾಗಲ್ಲ!

ನಿನ್ನ ಯಾಕೆ ಕರೆಸಿದೆ ಅಂತೀಯ? ಅವಳೇ ಹೇಳಿದ್ದು. "ನಿಮ್ಮ ತಂಗಿ ಬಂದು ಹಂದರ ನೋಡ್ಲಿ. ನೋಡಿ, ನಾನು ಕಳ್ಳಿ ಅನ್ಲಿ. ತುಟಿ ಪಿಟಕ್ಕನ್ನದೆ ಹೋಗ್ತೀನಿ" ಅಂತ ಸವಾಲು! ಆಗ್ಲಿ ಅಂದೆ. ನನಗೇನು ಭಯ? ಆದ್ರಿಂದ ನೀನೀಗ ನೋಡು, ನೋಡಿ ಒಂದು ಮಾತು ಅಂದ್ಬಿಡು, ಮುಗೀತು. ಮೆಟ್ಟಿಲ ಮೇಲಿರೋರಿಗೂ ಕೇಳಿಸೋ ಹಾಗೆ ಜೋರಾಗಿ ಅನ್ನು.

ನೋಡಿದ್ಯಾ?

ಬುಡದಿಂದ ತುದಿವರೆಗೆ ನೋಡು. ನೀರು ಹಾಕಿದ್ದು ನಾನು, ಗೊಬ್ಬರ ಹಾಕಿದ್ದು ನಾನು. ಹೂವಿಗೇನೂ ಕಮ್ಮಿ ಇಲ್ಲ. ಅಗೋ ಅಲ್ಲಿ ಹಳದಿ, ಇಲ್ಲಿ ಹಳದಿ, ಅದೂ ಹೂವೇ. ಕಾಯಿ? ಇಷ್ಟು ಹೂ ಬಿಟ್ಟ ಬಳ್ಳಿಯಲ್ಲಿ ಕಾಯಿ ಎಲ್ಲಿ? ಒಂದೇ ಒಂದು ಎಳೇ ಕಾಯಿ ತೋರ್ಸು ನನಗೆ. ಒಂದು! ತೋರಿಸಿದ್ರೆ ಆ ಕ್ಷಣವೇ ಮೇಲೆ ಹೋಗಿ ಅವಳ ಕೈ ಹಿಡಿದು ತಪ್ಪಾಯ್ತು ಅಂತೀನಿ.

ತೋರ್ಸು!

ಯಾಕೆ ಸುಮ್ನೆ ನಿಂತೆ? ಆಗಲ್ಲ ಅಲ್ವಾ? ನನಗೆ ಗೊತ್ತಿತ್ತು. ಇದ್ರೆ ತಾನೇ ತೋರಿಸೋಕೆ! ಬಾಯಿ ಬಿಟ್ಟು ಹೇಳು, ಒಂದೂ ಇಲ್ಲ ಅಕ್ಕ ಅಂತ.

ಹೇಳೇ.

ಬಳೆ ಸದ್ದಾಯ್ತಲ್ಲ... ಕೈ ಎತ್ತಿದ್ಯಾ? ಎತ್ತಿ...

ನೀನು... ಆಗಿನಿಂದ ತೋರಿಸ್ತಾನೇ ಇದೀಯಾ?

ಎಲ್ಲಿ? ಎತ್ತ ಕಡೆ? ಮಾತಾಡು ಅಂದೆ! ಬರೀ ಕೈ ತೋರಿಸ್ಕೊಂಡು ನಿಂತ್ರೆ ಹೇಗೆ... ಬೇಡ, ಹಿಡೀಬೇಡ ನನ್ನ ಕೈನ. ಬಿಡು. ನಾನೇ ಹುಡುಕ್ತೀನಿ. ಇದು ಎಲೆ. ಇದೂ ಎಲೆ. ಇದು ದಂಟು... ಬಿಡು ಅಂದ್ನಲ್ಲ!

...ತಣ್ಣಗಿದೆ.

ಮುಳ್ಳು ಮುಳ್ಳಾಗಿದೆ. ಎಳೇದು. ನನ್ನ ಮುಖದ ಎದುರಿಗೇ ಇದೆಯಲ್ಲೇ ಇದು! ಇದರ ಪಕ್ಕ ಇನ್ನೊಂದು. ಕೆಳಗೆ... ಕೆಳಗೂ ಇದೆ. ಎಷ್ಟಿದೆ? ಹೇಳ್ಬೇಡ, ಹೇಳ್ಬೇಡ ಬಿಡು.

ಹೊಗೆ ಕಣೇ, ಅಷ್ಟೇ. ಕಣ್ಣ ನಡುವೆ ಮಾತ್ರ ಹೊಗೆ. ಅಂಚಿನಲ್ಲಿ ಎಲ್ಲ ಕಾಣುತ್ತೆ. ನಿನ್ನ ಸೀರೆ ಕಾಣುತ್ತೆ, ಮುಖ ಇಲ್ಲ. ಕಂಡ ಹಾಗೆ ಮಾತಾಡಿದ್ರೆ ಕಂಡ ಹಾಗೇ ಆಗುತ್ತೆ, ಎಲ್ರೂ ನಂಬ್ತಾರೆ. ನನ್ನ ಮಗನಿಗೆ ಹೇಳೀಯ, ಜೋಕೆ! ಗೊತ್ತಾದ್ರೆ ಒಲೆ ಹತ್ತಿರ ಬಿಡಲ್ಲ, ಇಲ್ಲಿಗೆ ಬರೋಕೆ ಬಿಡಲ್ಲ, ಬಚ್ಚಲಿಗೂ ಕೈ ಹಿಡ್ಕೊಂಡು ಹೋಗ್ತಾರೆ. ನಾನು ಯಾರ ಕೈಯನ್ನೂ ಹಿಡಿದವಳಲ್ಲ... ಇದು ಹಿಡಿದಿದ್ದಲ್ಲ, ನೀನು ಹಿಡಿದಿದ್ದು.

ನಿನಗೆ ಯಾವಾಗಿಂದ ಗೊತ್ತು?

ಕೈ ಇನ್ನೂ ಬಿಗಿ ಹಿಡೀತೀಯಲ್ಲ. ಗೊತ್ತಿತ್ತು ಅಂತಾಯ್ತು. ಅವಳಿಗೂ ಗೊತ್ತಾಗಿದೆ, ಅದಕ್ಕೇ ಕೈ ಆಡಿಸಿದ್ದು... ಮತ್ತೆ ಯಾಕೆ ಬಾಯಿ ಬಿಟ್ಟು ಹೇಳ್ಲಿಲ್ಲ ಅವಳು? "ನಿಮಗೆ ಕಣ್ಣು ಕಾಣಲ್ಲ" ಅಂತ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರೆ ಮುಗೀತಿತ್ತಲ್ಲ! ಕಳ್ಳಿ ಅನ್ನಿಸ್ಕೊಂಡು ಸುಮ್ನೆ ಮೂಟೆ ಕಟ್ತಿದ್ದಾಳಲ್ಲ, ದಡ್ಡ ಮುಂಡೇದು!

ಶ್... ಯಾರದು ಮೆಟ್ಟಿಲ ಮೇಲೆ? ಅವಳಾ? ಎಷ್ಟು ಹೊತ್ತಿಂದ ನಿಂತಿದಾಳೆ?

ಆ ಕಿಣಿಕಿಣಿ ಏನು? ಬೀಗದ ಕೈ... ಮನೆ ಬೀಗದ ಕೈ ಕೊಡೋಕೆ ಬಂದಳಾ?

ಇಸ್ಕೋಬೇಡ. ಏಯ್, ಇಸ್ಕೋಬೇಡ ಅಂದೆ! ಪಕ್ಕಕ್ಕೆ ಸರಿ ನೀನು, ಅಡ್ಡ ನಿಲ್ಬೇಡ. ಆ ಮೆಟ್ಟಿಲು ಎಲ್ಲಿ ಶುರುವಾಗುತ್ತೆ ಅಷ್ಟು ಹೇಳು, ನಾನೇ ಹತ್ತುತೀನಿ.