ಕಲ್ಲುಮನೆಯ ಕೀಲಿ

...ಇರ್ಲಿ ಬಿಡೇ ಅಕ್ಕ, ಬೂಟು ಬಿಚ್ಚಬೇಡ. ಕೆಂಪು ಮಣ್ಣು ತಾನೇ, ನನ್ನ ಹೆಂಡ್ತಿ ರುಜಾ ಬಂದ್ಮೇಲೆ ಒರೆಸ್ತಾಳೆ. ಒಡಹುಟ್ಟಿದ ತಮ್ಮನ ಮನೆಗೆ ಬಂದು ಹಿಂಗೆ ಹೊಸ್ತಿಲಲ್ಲೇ ನಿಂತ್ರೆ ಹೆಂಗೆ? ಬಾ, ಕೂತ್ಕೋ. ಎರಡು ಸೂಟ್‌ಕೇಸಾ! ನಿಕ್‌ಶಿಚ್‌ನಿಂದ ಬಸ್ಸಲ್ಲಿ ಇಷ್ಟೆಲ್ಲಾ ಹೊತ್ಕೊಂಡು... ಫೋನ್ ಮಾಡಿದ್ರೆ ನಾನು ಸ್ಟ್ಯಾಂಡಿಗೆ ಬರ್ತಿರ್ಲಿಲ್ವಾ? ಮನೇಲೇ ಭಟ್ಟಿ ಇಳಿಸಿದ ರಾಕಿಯಾ, ಒಂದು ಗುಟುಕು ತಗೋ. ಬೇಡ್ವಾ? ಬೆಟ್ಟದ ಚಳಿಯಿಂದ ಇಳಿದು ಬಂದಿದೀಯ... ಸರಿ ಬಿಡು, ಕಾಫಿಗಿಡ್ತೀನಿ.

ಅಲ್ಲಾ ದಾರಿಂಕಾ, ಹೋದ ತಿಂಗಳೇ ಹೇಳಿದ್ನಲ್ಲ. ಬಾಡಿಗೆ ಮನೆ ಬಿಟ್ಟು ತೋಪಿನ ಕಲ್ಲುಮನೇಲಿ ಬಂದು ಇರ್ತೀನಿ ಅಂದೆ ನೀನು. ತೋಪು ಹೋಯ್ತು ಕಣೇ, ಸರ್ಕಾರ ಕಿತ್ಕೊಂಡ್ತು ಅಂದೆ ನಾನು. ಅಂದ್ನೋ ಇಲ್ವೋ? ಆದ್ರೂ ಮನೆ ಖಾಲಿ ಮಾಡ್ಕೊಂಡು ಬಂದ್ಬಿಟ್ಯಾ?

ಏನು ಮಾಡ್ಲಿ ಹೇಳು! ಪುರಸಭೆ ನಕ್ಷೇಲಿ ನಮ್ಮ ಆಲಿವ್ ತೋಪು ಅಪ್ಪನ ಕಾಲದಿಂದ ಹಸಿರು ಬಣ್ಣ. ಮರ ಕಡಿಯಂಗಿಲ್ಲ, ಮನೆ ಕಟ್ಟಂಗಿಲ್ಲ. ಚುನಾವಣೆ ಒಂದು ಮುಗೀತು ನೋಡು, ಬೆಳಗಾಗೋದ್ರೊಳಗೆ ಕಿತ್ತಳೆ ಬಣ್ಣ! ಹೋಟೆಲ್ ಬರಬೇಕಂತೆ. ದೇಶ ಉದ್ಧಾರ ಆಗಬೇಕಂತೆ! ಇಡೀ ಮಾಂಟೆನೆಗ್ರೊ ಇರೋದೇ ಅಂಗೈ ಅಗಲ, ಅದರಲ್ಲಿ ಸಮುದ್ರದ ದಂಡೆ ಒಂದು ಬೆರಳಗಲ. ಅದನ್ನೂ ಮಾರ್ಕೊಂಡು ತಿಂತಿದಾರೆ, ಮಾನಗೆಟ್ಟೋರು! ಬಲೆ ಬೀಸೋನಿಗೆ ಮೀನು ಕೊಳ್ಳೋಕಾಗಲ್ಲ. ನನ್ನ ಮಗಳಿಗೆ ಹುಟ್ಟಿದ ಊರಲ್ಲಿ ಒಂದು ರೂಮು ಬಾಡಿಗೆಗೆ ಸಿಗಲ್ಲ. ಮೋಸ ಕಣೇ, ಹಾಡಹಗಲೇ ಮೋಸ! ವೋಟು ಹಾಕಿಸ್ಕೊಂಡು ನನ್ನ ಬೆನ್ನಿಗೇ ಚೂರಿ ಹಾಕಿದ್ರು.

ಯಾಕೆ ನಗ್ತೀಯ? ...ಓ, ಹೊರಗೆ ನಿಂತಿರೋ ಹೊಸ ಕಾರಾ? ಸಾಲದ್ದು ಕಣೇ ಅದು, ಸಾಲದ್ದು.

ನನಗೇನು ನೆನಪಿಲ್ಲ ಅಂದ್ಕೊಂಡ್ಯಾ? ಅಪ್ಪ ಸತ್ತ ಮೇಲೆ ಕೋರ್ಟಲ್ಲಿ ಆ ಜಡ್ಜಮ್ಮ ಮೂರು ಸಲ ಕೇಳಿದ್ಳು. ಅರ್ಧ ನಿಂದು ಕಣಮ್ಮ, ನಿಜವಾಗ್ಲೂ ಬಿಟ್ಕೊಡ್ತೀಯಾ ಅಂತ. ತಮ್ಮನ ಹತ್ರ ಪಾಲು ಕೇಳೋ ಅಕ್ಕ ನಾನಲ್ಲ ಅಂದು ನೀನು ಸಹಿ ಹಾಕ್ಬಿಟ್ಟೆ. ಊರೆಲ್ಲಾ ಹೊಗಳ್ತು. ಹೊರಗೆ ಮೆಟ್ಟಿಲ ಮೇಲೆ, ನಾನು ಇದೇ ಕೈಯಿಂದ, ಕಲ್ಲುಮನೆ ಕೀಲಿ ನಿನಗೆ ಕೊಟ್ಟೆ. ಸಾಯೋವರ್ಗೂ ಅದು ನಿಂದೇ ಅಂದೆ. ಅಂದಿದ್ದೆ ಅಕ್ಕ, ಇಲ್ಲ ಅನ್ನಲ್ಲ.

ಅಪ್ಪನ್ನ ಯಾರಾದ್ರೂ ಎಷ್ಟು ಮಕ್ಕಳು ಅಂದ್ರೆ ಏನಂತಿದ್ದ? "ಒಬ್ಬನೇ!" ನೀನು ಪಕ್ಕದಲ್ಲೇ ನಿಂತಿರ್ತಿದ್ದೆ, ಪಾಪ. ನಮ್ಮೂರ ಗಂಡಸರ ಲೆಕ್ಕವೇ ಅಷ್ಟು, ಹೆಣ್ಣುಮಕ್ಕಳು ಅದಕ್ಕೆ ಸೇರಲ್ಲ. ನೀನು ಬಾವಿ ಹಿಂದೆ ಹೋಗಿ ಅಳ್ತಿದ್ದೆ. ನಾನು ಓಡಿ ಬಂದು ನಿನ್ನ ಕಿವೀಲಿ "ಇಬ್ರು, ಇಬ್ರು" ಅಂತಿದ್ದೆ. ನೆನಪಿದ್ಯಾ? ಇಷ್ಟುದ್ದ ಇದ್ದೆ ನಾನಾಗ.

ಏನು ನೋಡ್ತಿದೀಯ ಅಂಗಳದಲ್ಲಿ? ಅಪ್ಪ ಎಣ್ಣೆ ತುಂಬಿಡ್ತಿದ್ದ ಕಲ್ಲುತೊಟ್ಟಿ ಅದು. ಬುಲ್ಡೋಜರ್ ಬರೋ ಹಿಂದಿನ ವಾರ ನಾನೇ ತಂದು... ಇಲ್ಲ ಇಲ್ಲ, ಮುಂಚೆ ಗೊತ್ತಿರ್ಲಿಲ್ಲ! ಅಂದ್ರೆ... ಯಾರೋ ಸುಳಿವು ಕೊಟ್ರು. ಅಯ್ಯೋ, ಕಾಫಿ ಉಕ್ಕಿಹೋಯ್ತು.

ಉಳಿದಿದ್ದು ಇಷ್ಟೇ, ಕುಡಿಯೇ ಅಕ್ಕ. ನಾಳೆ ಪುರಸಭೆಗೆ ಹೋಗಿ ಇಬ್ರೂ ಸೇರಿ ಗಲಾಟೆ ಮಾಡೋಣ ಬೇಕಾದ್ರೆ. ತೋಪಿನ ಕಡೆ ಮಾತ್ರ ಹೋಗಬೇಡ. ಪೊಲೀಸು, ಮುಳ್ಳುತಂತಿ... ಯಾಕೆ ಆ ನೋವೆಲ್ಲಾ...

ತಾಳು. ಬಸ್ ಸ್ಟ್ಯಾಂಡಿಂದ ಇಲ್ಲಿವರ್ಗೂ ಡಾಂಬರು ರಸ್ತೆ. ಈ ಸುತ್ತಿನಲ್ಲಿ ಕೆಂಪು ಮಣ್ಣಿರೋದು ತೋಪಲ್ಲಿ ಮಾತ್ರ.

ಹೋಗಿದ್ಯಾ?

ಕಾವಲಿನೋನು... ಸಿಕ್ಕಿದ್ನಾ? ಏನಂದ?

ಹಂಗೆ ನೋಡಬೇಡ ಕಣೇ! ನಕ್ಷೇಲಿ ಬಣ್ಣ ಬದಲಾಯ್ಸಿದ್ದು ಪುರಸಭೆಯೋರೇ, ದೇವರಾಣೆ. ಆದ್ರೆ... ಕಿತ್ಕೊಳ್ಳಲಿಲ್ಲ. ಯಾರೂ ಕಿತ್ಕೊಳ್ಳಲಿಲ್ಲ. ಕೊಳ್ಳೋರು ಬಾಗಿಲಿಗೆ ಬಂದು, ಇದೇ ಕುರ್ಚೀಲಿ ಕೂತು, ಮರ್ಯಾದೆಯಿಂದ ಕೇಳಿದ್ರು. ರುಜಾಗೆ ಆಸೆ ಇತ್ತು. ಇಲ್ಲ, ನನಗೇ ಇತ್ತು. ಒಂದೇ ಒಂದು ಅನುಮಾನ ಅವರಿಗೆ. ನಾಳೆ ಅಕ್ಕನೋ ತಂಗೀನೋ ಬಂದು ತಕರಾರು ತೆಗೆದ್ರೆ? ನೀವು ಎಷ್ಟು ಜನ ಮಕ್ಕಳು ಅಂತ ಕೇಳಿದ್ರು.

...ಒಬ್ಬನೇ ಅಂದೆ.

ಬೈಯೇ. ಕೆನ್ನೆಗೆ ಬಾರಿಸು ಬೇಕಾದ್ರೆ. ಆ ಕೀಲಿ ಯಾಕೆ ಮೇಜಿನ ಮೇಲೆ ಇಡ್ತೀಯ? ಇಟ್ಕೋ, ನೀನೇ ಇಟ್ಕೋ... ಬಾಗಿಲೇ ಇಲ್ಲ ಅಂತ ಗೊತ್ತು ಕಣೇ, ಆದ್ರೂ... ಸೂಟ್‌ಕೇಸ್ ಬಿಡು. ಎಲ್ಲಿಗೆ ಹೋಗ್ತೀಯ? ಅಕ್ಕಾ, ಎಲ್ಲಿದೆ ಹೋಗೋಕೆ? ಅಕ್ಕಾ... ಇಬ್ರು. ಕೇಳಿಸ್ತಾ? ಇಬ್ರು ಕಣೇ, ಇಬ್ರು...