ಕರೆದಾಗ ಇಲ್ಲದವರು

ಬೀದಿದೀಪದ ದೂರು ಹಿಡಿದು ನಗರಸಭೆಯ ಸಭಾಂಗಣದ ಹೊರಗೆ ಕಾಯುತ್ತಿದ್ದೆ. ಬೆಂಚಿನಲ್ಲಿದ್ದ ದರ್ಜಿ ಹೆಂಗಸು ತನ್ನ ಚೀಲವನ್ನು ತೊಡೆಗೇರಿಸಿಕೊಂಡು ನನಗೆ ಜಾಗ ಮಾಡಿಕೊಟ್ಟಳು. ಜೊತೆಯಲ್ಲಿ ಅವಳ ತಮ್ಮನಿದ್ದ. ಜವಾನ ಬಾಗಿಲು ತೆರೆದು, "ಬೇಕರಿಯವರು! ರಾತ್ರಿ ಅಂಗಡಿ ತೆರೆಯೋ ಅರ್ಜಿ!" ಎಂದು ಕೂಗಿದ. ಯಾರೂ ಏಳಲಿಲ್ಲ.

"ಅಕ್ಕಾ, ಅವನು ಸ್ಕೂಟರ್ ನೆರಳಿಗೆ ಸರಿಸೋಕೆ ಕೆಳಗೆ ಹೋಗಿದಾನೆ. ಕರೀಲಾ?"

"ಸುಮ್ನೆ ಕೂತ್ಕೋ."

"ಇನ್ನೊಂದ್ಸಲ ಕೂಗ್ತಾರೆ ಅಷ್ಟೇ. ಆಗ್ಲೂ ಇಲ್ದಿದ್ರೆ ಅರ್ಜಿ ವಜಾ."

"ನಂಗೇ ಹೇಳ್ಕೊಡ್ತೀಯಾ? ಹೋದ್ವರ್ಷ ಅವನು ಕೊಟ್ಟ ದೂರಿಗೆ ಉತ್ತರ ಹೇಳೋಕೆ ನನ್ನನ್ನ ಕೂಗಿದ್ರು. ನಾನು ನೀರು ಕುಡಿಯೋಕೆ ಹೋಗಿದ್ದೆ. ಇದೇ ಬೆಂಚಲ್ಲಿ ಕೂತಿದ್ದ, ಬಾಯಿಗೆ ಬನ್ನು ತುರುಕಿಕೊಂಡವನ ಹಾಗೆ. ಮಾರನೇ ದಿನ ನನ್ನ ಅಂಗಡಿ ಮುಂದಿನ ಚಪ್ಪರ ಕಿತ್ತಾಕಿದ್ರು."

"ಅವನಿಗೆ ಕೇಳಿಸಿರ್ಲಿಕ್ಕಿಲ್ಲ ಕಣೇ."

"ಹೌದಪ್ಪಾ, ಪಾಪ! ನಾನು ವಾಪಸ್ ಬಂದಾಗ ಏನಂದ ಗೊತ್ತಾ? 'ನೀರು ತಣ್ಣಗಿತ್ತಾ, ಅಕ್ಕಾ?'"

ಜವಾನ ಮತ್ತೆ ಕೂಗಿದ. ತಮ್ಮ ಅರ್ಧ ಎದ್ದ. ಅವಳು ಅವನ ಅಂಗಿ ಹಿಡಿದು ಕೂರಿಸಿದಳು. "ವಜಾ" ಎಂದು ಒಳಗಿನಿಂದ ಕೇಳಿಸಿತು.

"ತಕರಾರು ಹೇಳೋಕೆ ಬಂದಿದ್ವಿ. ಅದೂ ಬೇಕಾಗ್ಲಿಲ್ಲ. ನಡಿ."

ಮೆಟ್ಟಿಲಿನಲ್ಲಿ ಬೇಕರಿಯವನು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದ. ಅವಳು ಗೋಡೆಗೆ ಸರಿದು ಅವನಿಗೆ ದಾರಿ ಬಿಟ್ಟಳು.

"ಸ್ಕೂಟರಿಗೆ ನೆರಳು ಸಿಕ್ತಾ, ಅಣ್ಣಾ?"